ತಲೆಗೆ ಪೆಟ್ಟು ಬಿದ್ದ ಕಬಡ್ಡಿ ಆಟಗಾರನನ್ನು ಮತ್ತೆ ಅಂಕಣಕ್ಕೆ ಇಳಿಸಬೇಡಿ

ಮಾನ್ಯ ಸಂಪಾದಕರೇ,

ಭತ್ತದ ಒಕ್ಕಲು ಮುಗಿದು, ಅಡಿಕೆಯ ಕೊನೆಕೊಯ್ಲು ಒಂದು ಹದಕ್ಕೆ ಬರುತ್ತಿದ್ದಂತೆ ತೀರ್ಥಹಳ್ಳಿ, ಹೊಸನಗರ, ಸಾಗರ, ಸೊರಬದ ಬಸ್ ನಿಲ್ದಾಣಗಳ ಸುತ್ತ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಗಳ ಬ್ಯಾನರ್‌ಗಳು ಸಾಲುಗಟ್ಟುತ್ತವೆ. ಪ್ರಥಮ ಬಹುಮಾನದ ಮೊತ್ತ, ಪ್ರವೇಶ ಶುಲ್ಕ, ಆಟಗಾರರ ತೂಕದ ಮಿತಿ, ಉದ್ಘಾಟಕರ ಭಾವಚಿತ್ರ, ಉತ್ತಮ ದಾಳಿಗಾರ, ಉತ್ತಮ ಹಿಡಿತಗಾರ, ಸವ್ಯಸಾಚಿ ಎಂಬ ವೈಯಕ್ತಿಕ ಬಹುಮಾನಗಳ ವಿವರ, ಬಂದವರಿಗೆ ಊಟದ ವ್ಯವಸ್ಥೆ, ಎಲ್ಲವೂ ಅವುಗಳಲ್ಲಿರುತ್ತವೆ. ಆಡುವವನ ತಲೆಗೆ ಪೆಟ್ಟು ಬಿದ್ದರೆ ಅವನು ಮುಂದೆ ಆಡಬೇಕೋ ಬೇಡವೋ ಎಂಬುದನ್ನು ಯಾರು ತೀರ್ಮಾನಿಸುತ್ತಾರೆಂಬ ಒಂದು ಮಾತು ಮಾತ್ರ ಯಾವ ಬ್ಯಾನರಿನಲ್ಲೂ, ಯಾವ ನಿಯಮಾವಳಿಯ ಹಾಳೆಯಲ್ಲೂ ನನಗೆ ಕಂಡಿಲ್ಲ. ಈ ಪತ್ರ ಅದರ ಬಗ್ಗೆ.

ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಣ ಶಿಕ್ಷಕನಾಗಿ ದುಡಿದು ನಿವೃತ್ತನಾದವನು. ಹೋಬಳಿ ಮಟ್ಟದ ಶಾಲಾ ಕ್ರೀಡಾಕೂಟದಿಂದ ಹಿಡಿದು ಊರೂರಿನ ರಾತ್ರಿ ಪಂದ್ಯಾವಳಿಗಳವರೆಗೆ ಬಹುಕಾಲ ಸೀಟಿ ಹಿಡಿದು ನಿಂತವನು. ಆದ್ದರಿಂದ ಕಬಡ್ಡಿ ಅಪಾಯಕಾರಿ, ಅದನ್ನು ನಿಲ್ಲಿಸಿ ಎನ್ನುವವರ ಸಾಲಿಗೆ ನನ್ನನ್ನು ಸೇರಿಸಬಾರದೆಂದು ಮೊದಲೇ ಕೋರುತ್ತೇನೆ. ಒಂದು ಮನೆಯಿಂದ ಇನ್ನೊಂದು ಮನೆಗೆ ಗುಡ್ಡ ಇಳಿದು ಹತ್ತಬೇಕಾದ ಈ ಸೀಮೆಯಲ್ಲಿ ಹತ್ತೂರಿನ ಹುಡುಗರನ್ನು ಒಂದೆಡೆ ಕೂಡಿಸುವ ಶಕ್ತಿ ಈ ಆಟಕ್ಕಿರುವಷ್ಟು ಬೇರೆ ಯಾವುದಕ್ಕೂ ಇಲ್ಲ. ಚೆಂಡು ಬೇಡ, ದಾಂಡು ಬೇಡ, ದುಡ್ಡಿನ ಸಲಕರಣೆ ಬೇಡ. ಅದು ಉಳಿಯಲಿ, ಬೆಳೆಯಲಿ ಎಂಬ ಆಸೆಯಿಂದಲೇ ಇದನ್ನು ಬರೆಯುತ್ತಿದ್ದೇನೆ.

ಕಬಡ್ಡಿಯಲ್ಲಿ ತಲೆಗೆ ಪೆಟ್ಟು ಬೀಳುವುದು ಆಕಸ್ಮಿಕವೆಂದು ಹೇಳಿ ಸುಮ್ಮನಾಗುವಂತಿಲ್ಲ. ಆಟದ ಚಲನೆಗಳಲ್ಲೇ ಅದು ಅಡಗಿದೆ. ರೇಡರ್ (ದಾಳಿಗಾರ) ಬೋನಸ್ ಗೆರೆಯ ಬಳಿ ಕಾಲು ಚಾಚಿದಾಗ ಮೂಲೆಯ ಹಿಡಿತಗಾರ ಅವನ ಕಣಕಾಲಿಗೆ ಹಾರುತ್ತಾನೆ, ಆಗ ಹಾರಿದವನ ತಲೆ ಹೋಗುವುದು ರೇಡರ್‌ನ ಮೊಣಕಾಲು ಇರುವ ಎತ್ತರಕ್ಕೇ. ಕೈ ಕೈ ಹಿಡಿದು ಚೈನ್ ಹಾಕಿ ನುಗ್ಗುವ ಇಬ್ಬರು ಒಂದೇ ಕ್ಷಣಕ್ಕೆ ಒಂದೇ ದೇಹದ ಮೇಲೆ ಬಿದ್ದಾಗ ಅವರಿಬ್ಬರ ತಲೆಗಳೇ ಒಂದಕ್ಕೊಂದು ಬಡಿದುಕೊಳ್ಳುತ್ತವೆ. ಡ್ಯಾಶ್ ಹೊಡೆದು ಗೆರೆಯಾಚೆಗೆ ತಳ್ಳಿದಾಗ, ಅಥವಾ ಸೊಂಟ ಹಿಡಿದು ಎತ್ತಿ ಕೆಡವಿದಾಗ, ಕೈ ಊರಲು ಎಡೆ ಸಿಗದ ರೇಡರ್ ಬೆನ್ನ ಮೇಲೆ ಬೀಳುತ್ತಾನೆ, ಹಿಂದಲೆ ನೆಲಕ್ಕೆ ಅಪ್ಪಳಿಸುತ್ತದೆ. ಕೊಯ್ಲಾಗಿ ಎರಡು ತಿಂಗಳು ಬಿಸಿಲು ಕುಡಿದ ಗದ್ದೆಯ ನೆಲ ಎಷ್ಟು ಗಟ್ಟಿಯಾಗಿರುತ್ತದೆಂಬುದನ್ನು ಮಲೆನಾಡಿನವರಿಗೆ ಹೇಳಬೇಕಿಲ್ಲ. ಅದರ ಮೇಲೆ ಬಾಡಿಗೆಯ ಮ್ಯಾಟ್ ಹಾಸಿದರೆ ಮಂಡಿ ಮೊಣಕೈ ತರಚುವುದು ಕಡಿಮೆಯಾಗುತ್ತದೆ. ಎದೆಯೆತ್ತರದಿಂದ ಬಿದ್ದ ತಲೆಯನ್ನು ಆ ಮ್ಯಾಟ್ ಕಾಯಲಾರದು. 2014ರಲ್ಲಿ ಪ್ರೊ ಕಬಡ್ಡಿ ಲೀಗ್ ಶುರುವಾದ ಮೇಲೆ ನಮ್ಮ ಊರುಗಳ ಆಟವೂ ಅದರ ಜಾಡು ಹಿಡಿದಿದೆ. ದಾಳಿಗೆ 30 ಸೆಕೆಂಡಿನ ಮಿತಿ, ಎರಡು ದಾಳಿ ಬರಿದಾದರೆ ಮೂರನೆಯದರಲ್ಲಿ ಅಂಕ ತರಲೇಬೇಕೆಂಬ ಕಟ್ಟಳೆ, ಅಂಕಣದಲ್ಲಿ ಉಳಿದಿರುವ ಮೂವರೋ ಅದಕ್ಕಿಂತ ಕಡಿಮೆ ಮಂದಿಯೋ ಸೇರಿ ರೇಡರ್‌ನನ್ನು ಕೆಡವಿದರೆ ಹೆಚ್ಚುವರಿ ಅಂಕ, ಇವೆಲ್ಲ ಆಟವನ್ನು ಚುರುಕುಗೊಳಿಸಿವೆ. ನೋಡಲು ಸೊಗಸೇ. ಆದರೆ ಕಾದು, ದಣಿಸಿ, ಸರಿದು ಆಡುತ್ತಿದ್ದ ಆಟ ಈಗ ಹೆಚ್ಚು ಡಿಕ್ಕಿಯ ಆಟವಾಗಿದೆ ಎಂಬುದು ನನ್ನ ಅಭಿಪ್ರಾಯ.

ಪೆಟ್ಟು ಬಿದ್ದ ಮೇಲೆ ನಮ್ಮ ಅಂಕಣಗಳಲ್ಲಿ ನಡೆಯುವ ಉಪಚಾರವನ್ನು ಓದುಗರೂ ನೋಡಿರುತ್ತಾರೆ. ಹುಡುಗ ಬಿದ್ದಲ್ಲೇ ಹತ್ತು ಮಂದಿ ಮುತ್ತುತ್ತಾರೆ, ಗಾಳಿ ಬಿಡಿ ಎಂದು ಕೂಗುವವರೇ ಗಾಳಿಗೆ ಅಡ್ಡ ನಿಂತಿರುತ್ತಾರೆ. ಮುಖಕ್ಕೆ ನೀರು ಎರಚುತ್ತಾರೆ, ಮೂಗಿಗೆ ಈರುಳ್ಳಿ ಹಿಡಿಯುತ್ತಾರೆ, ಗ್ಲೂಕೋಸ್ ಪುಡಿಯನ್ನು ಬಾಯಿಗೆ ಸುರಿಯುತ್ತಾರೆ, ನೋವಿನ ಸ್ಪ್ರೇಯನ್ನು ಹಣೆಗೇ ಹೊಡೆಯುವುದೂ ಉಂಟು. ಇನ್ನೂ ಏಳದಿದ್ದರೆ ಇಬ್ಬರು ತೋಳು, ಇಬ್ಬರು ಕಾಲು ಹಿಡಿದು ಎತ್ತಿ ಹೊರಗೆ ಒಯ್ಯುತ್ತಾರೆ. ಕುತ್ತಿಗೆಯ ಮೂಳೆಗೆ ಪೆಟ್ಟಾಗಿದ್ದರೆ ಹೀಗೆ ಎತ್ತುವುದೇ ಜೀವನಪೂರ್ತಿ ಕೈಕಾಲು ಬೀಳಲು ಸಾಕು ಎಂಬ ಯೋಚನೆ ಯಾರಿಗೂ ಬರುವುದಿಲ್ಲ. ಅಷ್ಟರಲ್ಲಿ ಹುಡುಗ ಕಣ್ಣು ಬಿಟ್ಟು, ತಲೆ ಕೊಡವಿ ಎದ್ದು ನಿಂತರೆ ಚಪ್ಪಾಳೆ ಬೀಳುತ್ತದೆ. ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವವರು, ಪೆಟ್ಟು ತಿಂದರೂ ಛಲ ಬಿಡದೆ ಮತ್ತೆ ಅಂಕಣಕ್ಕೆ ಇಳಿದ ಮಲೆನಾಡ ಹುಲಿ ಎಂದು ಹೊಗಳುತ್ತಾರೆ. ಆ ವಿವರಣೆಕಾರರಲ್ಲಿ ಹಲವರು ನನ್ನ ಪರಿಚಿತರು, ಒಳ್ಳೆಯ ಮಾತುಗಾರರು, ಸದುದ್ದೇಶದವರು. ಆದರೂ ಹೇಳಲೇಬೇಕು: ಅಂತಹ ಹೊಗಳಿಕೆಯ ಎದುರು ತನಗೆ ತಲೆ ಸುತ್ತುತ್ತಿದೆ, ದೀಪಗಳು ಎರಡೆರಡಾಗಿ ಕಾಣುತ್ತಿವೆ ಎಂದು ಒಪ್ಪಿಕೊಳ್ಳುವ ಧೈರ್ಯ 18 ವರ್ಷದ ಹುಡುಗನಿಗೆ ಎಲ್ಲಿಂದ ಬರಬೇಕು?

ವೈದ್ಯರು ಕನ್‌ಕಶನ್ ಎಂದು ಕರೆಯುವುದು ಇಂತಹ ಸ್ಥಿತಿಯನ್ನೇ. ಮಿದುಳು ತಲೆಬುರುಡೆಯೊಳಗೆ ದ್ರವದ ನಡುವೆ ಇರುವ ಬಹಳ ಮೃದುವಾದ ಅಂಗ. ವೇಗದಲ್ಲಿರುವ ತಲೆ ತಟ್ಟನೆ ನಿಂತಾಗ ಅಥವಾ ಗಿರ್ರನೆ ತಿರುಗಿದಾಗ ಮಿದುಳು ಒಳಗೇ ಜಗ್ಗಿ, ಅದರ ನರತಂತುಗಳು ಎಳೆತಕ್ಕೆ ಸಿಕ್ಕುತ್ತವೆ. ಕೋಶಗಳ ಒಳಹೊರಗಿನ ರಾಸಾಯನಿಕ ಸಮತೋಲ ತಪ್ಪುತ್ತದೆ. ಅದನ್ನು ಸರಿಪಡಿಸಿಕೊಳ್ಳಲು ಮಿದುಳಿಗೆ ಹೆಚ್ಚು ಶಕ್ತಿ ಬೇಕಾದ ಹೊತ್ತಿನಲ್ಲೇ ಅದಕ್ಕೆ ರಕ್ತದ ಪೂರೈಕೆ ತಗ್ಗಿರುತ್ತದೆ. ಇದಾಗಲು ತಲೆಗೇ ಏಟು ಬೀಳಬೇಕೆಂದಿಲ್ಲ, ಎದೆಗೆ ಬಿದ್ದ ಬಲವಾದ ಡ್ಯಾಶ್ ತಲೆಯನ್ನು ಜಾಡಿಸಿದರೂ ಸಾಕು. ಮೂಳೆ ಮುರಿದಿರುವುದಿಲ್ಲ, ರಕ್ತ ಸೋರಿರುವುದಿಲ್ಲ, ಸಿಟಿ ಸ್ಕ್ಯಾನ್ ಮಾಡಿಸಿದರೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಬಹುಪಾಲು ಪ್ರಕರಣಗಳಲ್ಲಿ ಆಟಗಾರ ಪ್ರಜ್ಞೆ ಕಳೆದುಕೊಳ್ಳುವುದೂ ಇಲ್ಲ. ಪ್ರಜ್ಞೆ ತಪ್ಪಿಲ್ಲವಲ್ಲ, ಆಡಲಿ ಬಿಡಿ ಎಂಬ ನಮ್ಮ ಅಂಕಣಗಳ ಅಳತೆಗೋಲು ಅದಕ್ಕೇ ಕೆಲಸಕ್ಕೆ ಬಾರದು. ತಲೆನೋವು, ತಲೆಸುತ್ತು, ವಾಕರಿಕೆ, ಮಂಜು ಕವಿದಂತಹ ಮಂಕುತನ, ಬೆಳಕು ಮತ್ತು ಸದ್ದು ಸಹಿಸಲಾಗದಿರುವುದು, ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುವುದು, ಕಾರಣವಿಲ್ಲದೆ ಸಿಡುಕುವುದು ಅಥವಾ ಅಳುವುದು, ಇವುಗಳಲ್ಲಿ ಒಂದು ಕಂಡರೂ ಸಂಶಯಪಡಬೇಕು. ಚಿಹ್ನೆಗಳು ಆಗಲೇ ಕಾಣಿಸಿಕೊಳ್ಳಬೇಕೆಂದೂ ಇಲ್ಲ, ಗಂಟೆಗಳ ನಂತರ, ಮರುದಿನ ಕೂಡ ಬರಬಹುದು.

ತಡವಾಗಿ ಬರುವುದಕ್ಕೆ ಕ್ರಿಕೆಟ್ ನೋಡುವವರೆಲ್ಲರಿಗೂ ಗೊತ್ತಿರುವ ಉದಾಹರಣೆಯೊಂದಿದೆ. 2019ರ ಆಗಸ್ಟಿನಲ್ಲಿ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಎಸೆದ ಚೆಂಡು ಸ್ಟೀವ್ ಸ್ಮಿತ್ ಅವರ ಕುತ್ತಿಗೆಗೆ ಬಡಿಯಿತು. ತಂಡದ ವೈದ್ಯರು ಪರೀಕ್ಷಿಸಿದರು. ಪರೀಕ್ಷೆಯಲ್ಲಿ ಪಾಸಾದ ಸ್ಮಿತ್ ಅದೇ ದಿನ ಮರಳಿ ಬಂದು 92 ರನ್‌ವರೆಗೆ ಆಡಿದರು. ಮರುದಿನ ಬೆಳಿಗ್ಗೆ ಲಕ್ಷಣಗಳು ಕಾಣಿಸಿಕೊಂಡವು. ಅವರನ್ನು ಕೈಬಿಟ್ಟು ಮಾರ್ನಸ್ ಲಾಬುಶೇನ್ ಅವರನ್ನು ಇಳಿಸಿದರು. ಟೆಸ್ಟ್ ಕ್ರಿಕೆಟ್‌ನ ಮೊದಲ ಕನ್‌ಕಶನ್ ಬದಲಿ ಆಟಗಾರ ಅವರೇ. ಆ ನಿಯಮವನ್ನು ಅಂತರರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಜಾರಿಗೆ ತಂದದ್ದು ಅದೇ ತಿಂಗಳ ಮೊದಲ ದಿನ. ನುರಿತ ವೈದ್ಯರು ಪಕ್ಕದಲ್ಲೇ ಇದ್ದೂ ಮೊದಲ ದಿನ ಸಿಕ್ಕದ ಲಕ್ಷಣವನ್ನು ನಡುರಾತ್ರಿ ಒಂದು ಗಂಟೆಗೆ, ಎರಡು ನಿಮಿಷದ ಬಿಡುವಿನಲ್ಲಿ, ಪಂದ್ಯ ಗೆಲ್ಲಬೇಕಾದ ನಾಯಕನೇ ಕಣ್ಣಲ್ಲಿ ಕಣ್ಣಿಟ್ಟು ನೋಡಿ ಕಂಡುಹಿಡಿಯುತ್ತಾನೆಂದು ನಂಬುವುದು ಹೇಗೆ?

ಕನ್‌ಕಶನ್‌ಗಿಂತ ಬೇರೆಯಾದ, ಆದರೆ ಮೊದಲ ಗಳಿಗೆಯಲ್ಲಿ ಅದರಂತೆಯೇ ಕಾಣುವ ಇನ್ನೊಂದು ಅಪಾಯವಿದೆ. ಅದು ತಲೆಬುರುಡೆಯೊಳಗೆ ರಕ್ತ ಒಸರುವುದು. ಕಣತಲೆಯ ಬಳಿ ಬುರುಡೆಯ ಒಳಮೈಗೆ ಅಂಟಿಕೊಂಡಂತೆ ಒಂದು ರಕ್ತನಾಳ ಹಾದುಹೋಗುತ್ತದೆ. ಅಲ್ಲಿ ಮೂಳೆ ಬಿರುಕು ಬಿಟ್ಟು ಆ ನಾಳ ಹರಿದರೆ ರಕ್ತ ಬುರುಡೆಗೂ ಮಿದುಳಿನ ಹೊರಪೊರೆಗೂ ನಡುವೆ ಹೆಪ್ಪುಗಟ್ಟುತ್ತ ಹೋಗುತ್ತದೆ. ಪೆಟ್ಟು ಬಿದ್ದವನು ಎದ್ದು ಕೂತು, ಮಾತನಾಡಿ, ನೀರು ಕುಡಿದು, ನನಗೇನೂ ಆಗಿಲ್ಲ ಎಂದು ಹೇಳುತ್ತಾನೆ. ಕೆಲವು ನಿಮಿಷಗಳೋ ಗಂಟೆಗಳೋ ಕಳೆದ ಮೇಲೆ ಒತ್ತಡ ಮಿದುಳನ್ನು ಅಮುಕಿದಾಗ ತಲೆನೋವು ಏರಿ, ವಾಂತಿಯಾಗಿ, ಕುಸಿದು ಬೀಳುತ್ತಾನೆ. ಭಾರತ ತಂಡದಲ್ಲಿ ಆಡಿದ್ದ ರಮಣ್ ಲಾಂಬಾ ಅವರನ್ನು ಹಳೆಯ ಓದುಗರು ಮರೆತಿರಲಾರರು. 1998ರ ಫೆಬ್ರವರಿಯಲ್ಲಿ ಢಾಕಾದ ಕ್ಲಬ್ ಪಂದ್ಯವೊಂದರಲ್ಲಿ ಅವರು ಹೆಲ್ಮೆಟ್ ಇಲ್ಲದೆ ಬ್ಯಾಟ್ಸ್‌ಮನ್‌ಗೆ ತೀರ ಹತ್ತಿರದ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಬ್ಯಾಟ್ಸ್‌ಮನ್ ಹೊಡೆದ ಚೆಂಡು ನೇರ ತಲೆಗೆ ಬಡಿಯಿತು. ಅವರು ಎದ್ದು ನಡೆದುಕೊಂಡೇ ಡ್ರೆಸಿಂಗ್ ಕೊಠಡಿಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ಪ್ರಜ್ಞೆ ತಪ್ಪಿತು. ಶಸ್ತ್ರಚಿಕಿತ್ಸೆಯಾದರೂ ಕೆಲವೇ ದಿನಗಳಲ್ಲಿ ತೀರಿಕೊಂಡರು. ಆಗ ಅವರ ವಯಸ್ಸು 38.

ಢಾಕಾದಲ್ಲಿ ದೊಡ್ಡ ಆಸ್ಪತ್ರೆ ಹತ್ತಿರವಿತ್ತು. ನಮ್ಮಲ್ಲಿ ಪಂದ್ಯಾವಳಿ ನಡೆಯುವುದು ಬಿದನೂರು ನಗರ, ನಿಟ್ಟೂರು, ಆಗುಂಬೆ, ಬ್ಯಾಕೋಡು, ತುಮರಿಯಂತಹ ಕಡೆಗಳಲ್ಲಿ. ಶರಾವತಿ ಹಿನ್ನೀರಿನ ಆಚೆಯವರಿಗೆ 2025ರ ಜುಲೈನಲ್ಲಿ ಸೇತುವೆ ತೆರೆಯುವವರೆಗೆ ಹಿನ್ನೀರು ದಾಟಿಸುವ ಲಾಂಚಿನ ಓಡಾಟ ದಿನದ ಮಟ್ಟಿಗೆ ನಿಂತ ಮೇಲೆ ರಾತ್ರಿ ಸಾಗರಕ್ಕೆ ಬರಲು ನೇರ ದಾರಿಯೇ ಇರಲಿಲ್ಲ. ಈಗ ಆ ಕಷ್ಟ ನೀಗಿದೆ, ಆದರೂ ಮಿದುಳಿನ ಶಸ್ತ್ರಚಿಕಿತ್ಸೆ ಆಗಬೇಕೆಂದರೆ ಶಿವಮೊಗ್ಗ ಅಥವಾ ಮಣಿಪಾಲವೇ ಗತಿ. ಹುಲಿಕಲ್ ಘಾಟಿಯನ್ನೋ ಆಗುಂಬೆ ಘಾಟಿಯನ್ನೋ ರಾತ್ರಿ ಇಳಿಯಬೇಕು, ಇಲ್ಲವೇ ತಿರುವುಗಳ ರಸ್ತೆಯಲ್ಲಿ ಒಂದೂವರೆ ಎರಡು ಗಂಟೆ ಶಿವಮೊಗ್ಗದ ಕಡೆಗೆ ಸಾಗಬೇಕು. ಹಲವು ಅಂಕಣಗಳಲ್ಲಿ ಫೋನಿಗೆ ಸಿಗ್ನಲ್ ಸಿಗುವುದಿಲ್ಲ, 108ಕ್ಕೆ ಕರೆ ಮಾಡಲು ಗುಡ್ಡದ ತುದಿಗೋ ರಸ್ತೆಯ ತಿರುವಿಗೋ ಓಡಬೇಕು. ಇಷ್ಟು ದೂರವಿರುವಾಗ ಹುಡುಗ ಕುಸಿದ ಮೇಲೆ ಹೊರಡುವುದು ತೀರ ತಡವಾಗುತ್ತದೆ. ಅವನು ಇನ್ನೂ ಚೆನ್ನಾಗಿಯೇ ಮಾತನಾಡುತ್ತಿರುವಾಗ ಸಂಶಯಪಟ್ಟು ಹೊರಡಬೇಕು. ಪೇಟೆಯವರಿಗಿಂತ ನಾವು ಹೆಚ್ಚು ಅಂಜಬೇಕಾದದ್ದು ನ್ಯಾಯ, ನಡೆಯುತ್ತಿರುವುದು ತದ್ವಿರುದ್ಧ.

ಮೂರನೆಯ ಅಪಾಯ ಮತ್ತೆ ಆಡಿಸುವುದರಿಂದಲೇ ಬರುವಂಥದ್ದು. ಮೊದಲ ಪೆಟ್ಟಿನಿಂದ ಮಿದುಳು ಇನ್ನೂ ಚೇತರಿಸಿಕೊಳ್ಳದಿರುವಾಗ ಎರಡನೆಯ ಪೆಟ್ಟು ಬಿದ್ದರೆ, ಅದು ಹಗುರವಾದದ್ದೇ ಆಗಿದ್ದರೂ, ಮಿದುಳು ಕೆಲವೇ ನಿಮಿಷಗಳಲ್ಲಿ ಊದಿಕೊಂಡು ಪ್ರಾಣಕ್ಕೇ ಎರವಾಗಬಹುದು. ಇದು ಅಪರೂಪ, ಆದರೆ ಎರಗಿದಾಗ ಹೆಚ್ಚಾಗಿ ಎರಗುವುದು ಮಕ್ಕಳ ಮತ್ತು ಹದಿಹರೆಯದವರ ಮೇಲೆ. 2011ರಲ್ಲಿ ಉತ್ತರ ಐರ್ಲೆಂಡಿನ ಶಾಲಾ ರಗ್ಬಿ ಪಂದ್ಯವೊಂದರಲ್ಲಿ 14 ವರ್ಷದ ಬಾಲಕನೊಬ್ಬ ಪೆಟ್ಟು ತಿಂದ ಮೇಲೂ ಆಡುತ್ತಲೇ ಇದ್ದು ಮೈದಾನದಲ್ಲೇ ಕುಸಿದು ಸತ್ತದ್ದಕ್ಕೆ ಇದೇ ಕಾರಣವೆಂದು ಅಲ್ಲಿನ ವಿಚಾರಣೆ ದಾಖಲಿಸಿತು. ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ 2006ರಲ್ಲಿ 13 ವರ್ಷದ ಅಮೆರಿಕನ್ ಫುಟ್‌ಬಾಲ್ ಆಟಗಾರನೊಬ್ಬನನ್ನು ತಲೆಗೆ ಪೆಟ್ಟಾದ ಮೇಲೂ ಅದೇ ಪಂದ್ಯದಲ್ಲಿ ಮತ್ತೆ ಇಳಿಸಿದರು. ಅವನು ಬದುಕುಳಿದ, ಆದರೆ ಮಾತು ಮತ್ತು ನಡಿಗೆಯನ್ನು ಮೊದಲಿಂದ ಕಲಿಯಬೇಕಾಯಿತು. ಅವನ ಹೆಸರಿನಲ್ಲಿ 2009ರಲ್ಲಿ ಬಂದ ಲಿಸ್ಟೆಡ್ ಕಾನೂನು ಹೇಳುವುದು ಬಹಳ ಸರಳ: ಆಟಗಾರರಿಗೂ ಪೋಷಕರಿಗೂ ಪ್ರತಿ ವರ್ಷ ತಿಳಿವಳಿಕೆ ಕೊಟ್ಟು ಸಹಿ ಪಡೆಯಬೇಕು, ಸಂಶಯ ಬಂದ ಕೂಡಲೇ ಆಟದಿಂದ ಹೊರಗೆ ಕರೆಯಬೇಕು, ಅರ್ಹ ವೈದ್ಯಕೀಯ ಸಿಬ್ಬಂದಿಯ ಲಿಖಿತ ಒಪ್ಪಿಗೆ ಇಲ್ಲದೆ ಮತ್ತೆ ಆಡಿಸಬಾರದು. ಐದೇ ವರ್ಷಗಳಲ್ಲಿ ಆ ದೇಶದ 50 ರಾಜ್ಯಗಳೂ ಇಂತಹ ಕಾನೂನುಗಳನ್ನು ಮಾಡಿಕೊಂಡವು.

ಪದೇ ಪದೇ ಪೆಟ್ಟು ತಿಂದ ಮುಷ್ಟಿಯುದ್ಧದವರು ಮುಂದೆ ಮರೆಗುಳಿಗಳಾಗಿ, ನಾಲಿಗೆ ತೊದಲಿ, ಕಾಲು ಎಡವುವುದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ಬರೆದಿದ್ದರು. ಅದು ದೀರ್ಘಕಾಲದ ಮಾತು. ಇಲ್ಲಿ ನನ್ನ ಕಾಳಜಿ ಒಂದೇ ರಾತ್ರಿಯದು.

ಆ ಒಂದು ರಾತ್ರಿಯ ಲೆಕ್ಕವನ್ನೇ ನೋಡಿ. ಲೀಗ್ ಕಮ್ ನಾಕೌಟ್ ಎಂದು ಸಂಜೆ ಶುರುವಾಗುವ ಪಂದ್ಯಾವಳಿ ಬೆಳಕು ಹರಿಯುವ ಹೊತ್ತಿಗೆ ಮುಗಿಯುತ್ತದೆ. ಕೊನೆಯವರೆಗೆ ಉಳಿದ ತಂಡ ನಾಲ್ಕೈದು ಪಂದ್ಯ ಆಡಿರುತ್ತದೆ. ತೂಕದ ಮಿತಿಯೊಳಗೆ ಬರಲು ಮಧ್ಯಾಹ್ನದಿಂದ ಊಟ ನೀರು ಬಿಟ್ಟ ಹುಡುಗರೂ ಅದರಲ್ಲಿರುತ್ತಾರೆ. ತೂಕದ ವಿಷಯದಲ್ಲಿ ನಮ್ಮ ಸಂಘಟಕರ ಕಟ್ಟುನಿಟ್ಟು ಮೆಚ್ಚುವಂಥದ್ದು. ಯಂತ್ರದ ಮೇಲೆ ನಿಲ್ಲಿಸಿ ಒಂದು ಕೆ.ಜಿ. ಹೆಚ್ಚಿದ್ದರೂ ಯಾರ ಶಿಫಾರಸಿಗೂ ಬಗ್ಗದೆ ಹೊರಗಿಡುತ್ತಾರೆ, ಎದುರಾಳಿ ತಂಡ ಆಕ್ಷೇಪಿಸಿದರೆ ಮತ್ತೊಮ್ಮೆ ತೂಗುತ್ತಾರೆ. ಒಂದು ಕೆ.ಜಿ.ಗೆ ಇಷ್ಟು ನಿಷ್ಠುರವಾಗಬಲ್ಲವರಿಗೆ ಓಲಾಡುತ್ತ ನಿಂತ ಆಟಗಾರನ ವಿಷಯದಲ್ಲಿ ನಿಷ್ಠುರವಾಗುವುದು ಕಷ್ಟವೇನಲ್ಲ. ಕ್ರಿಕೆಟ್‌ನಂತೆ ಹೊಸ ಬದಲಿ ನಿಯಮವನ್ನೂ ಇಲ್ಲಿ ಹುಡುಕಬೇಕಿಲ್ಲ. ಕಬಡ್ಡಿ ತಂಡದಲ್ಲಿ 12 ಮಂದಿಯವರೆಗೆ ಇರಬಹುದು, ಅಂಕಣದಲ್ಲಿರುವುದು 7 ಮಂದಿ. ಉಳಿದ ಐವರು ಕುಳಿತಿರುವುದು ಇದಕ್ಕೇ ಅಲ್ಲವೇ? ಪೆಟ್ಟಾದಾಗ ಆಟ ನಿಲ್ಲಿಸುವ ಅಧಿಕಾರವೂ ತೀರ್ಪುಗಾರನಿಗೆ ಇದ್ದೇ ಇದೆ. ಕೊರತೆ ಇರುವುದು ಒಂದೇ ಕಟ್ಟಳೆಯದು: ತಲೆಗೆ ಪೆಟ್ಟು ಬಿದ್ದು ಯಾವುದಾದರೂ ಒಂದು ಲಕ್ಷಣ ಕಂಡರೆ ಆ ಆಟಗಾರ ಆ ಪಂದ್ಯಕ್ಕಷ್ಟೇ ಅಲ್ಲ, ಆ ಪಂದ್ಯಾವಳಿಗೇ ಮುಗಿಯಿತು.

ಬ್ರಿಟನ್ 2023ರಲ್ಲಿ ವೈದ್ಯರಿಲ್ಲದ ಊರಮಟ್ಟದ ಆಟಗಳಿಗೆಂದೇ ಹೊರಡಿಸಿದ ಮಾರ್ಗಸೂಚಿ ಇದಕ್ಕಿಂತ ಬಿಗಿಯಾಗಿದೆ. ಸಂಶಯವಿದ್ದರೆ ಹೊರಗೆ ಕೂರಿಸಿ ಎಂಬುದು ಅದರ ತಿರುಳು. ಕನ್‌ಕಶನ್ ಆದವರು 24ರಿಂದ 48 ಗಂಟೆ ವಿಶ್ರಾಂತಿಯಲ್ಲಿದ್ದು, ಹಂತ ಹಂತವಾಗಿ ಓಡಾಟ, ಓದು, ಲಘು ವ್ಯಾಯಾಮ, ಡಿಕ್ಕಿಯಿಲ್ಲದ ಅಭ್ಯಾಸ ಎಂದು ಏರಬೇಕು. 21ನೆಯ ದಿನಕ್ಕಿಂತ ಮೊದಲು ಯಾರೂ ಸ್ಪರ್ಧೆಗೆ ಮರಳುವಂತಿಲ್ಲ. ನಾನು ಕೇಳುತ್ತಿರುವುದು ಸದ್ಯಕ್ಕೆ ಅದರ ಮೊದಲ ಮೆಟ್ಟಿಲು ಮಾತ್ರ.

ಲಕ್ಷಣವನ್ನು ನೋಡುವುದು ಹೇಗೆಂದು ಕೇಳುವ ತೀರ್ಪುಗಾರ ಮಿತ್ರರಿಗೆ ಒಂದು ಸುಲಭದ ದಾರಿಯಿದೆ. ಬೇರೆ ಆಟಗಳಲ್ಲಿ ವರ್ಷಗಳಿಂದ ಕೇಳುತ್ತ ಬಂದ ಪ್ರಶ್ನೆಗಳನ್ನೇ ನಮ್ಮ ಅಂಕಣಕ್ಕೆ ಹೊಂದಿಸಿಕೊಳ್ಳಬಹುದು. ಇದು ಯಾವ ಊರಿನ ಅಂಕಣ? ಈಗ ನಡೆಯುತ್ತಿರುವುದು ಮೊದಲಾರ್ಧವೋ ದ್ವಿತೀಯಾರ್ಧವೋ? ಕೊನೆಯ ಅಂಕ ಯಾರು ತಂದರು? ಇದಕ್ಕೆ ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ? ಅದನ್ನು ಗೆದ್ದಿರೋ ಸೋತಿರೋ? ಒಂದಕ್ಕೆ ತಡವರಿಸಿದರೂ ಹೊರಗೆ. ಎಲ್ಲಕ್ಕೂ ಸರಿಯುತ್ತರ ಕೊಟ್ಟ ಮಾತ್ರಕ್ಕೆ ಒಳಗೆ ಬಿಡಬೇಕೆಂದಲ್ಲ. ಬಿದ್ದ ರೀತಿ, ಎದ್ದ ರೀತಿ, ಕಣ್ಣಿನ ನೋಟ, ನಡಿಗೆಯ ತೂಕ, ಅವನೇ ಹೇಳುವ ತಲೆನೋವು, ಎಲ್ಲವೂ ಲೆಕ್ಕಕ್ಕೆ ಬರಬೇಕು. ಪ್ರಜ್ಞೆ ತಪ್ಪಿದ್ದರೆ, ಕುತ್ತಿಗೆ ನೋವೆಂದರೆ, ಕೈಕಾಲಿನಲ್ಲಿ ಜುಮ್ಮೆಂದರೆ ಬಿದ್ದಲ್ಲಿಂದ ಕದಲಿಸದೆ, ತಲೆ ಕುತ್ತಿಗೆಯನ್ನು ಎರಡೂ ಕೈಯಿಂದ ನೇರವಾಗಿ ಹಿಡಿದುಕೊಂಡು, ಉಸಿರಾಟ ಗಮನಿಸುತ್ತ ಆಂಬುಲೆನ್ಸ್‌ಗೆ ಕಾಯಬೇಕು. ಮತ್ತೆ ಮತ್ತೆ ವಾಂತಿ, ಏರುತ್ತಲೇ ಇರುವ ತಲೆನೋವು, ಫಿಟ್ಸ್, ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗುವುದು, ಕಿವಿ ಮೂಗಿನಿಂದ ನೀರಿನಂತಹ ದ್ರವ ಅಥವಾ ರಕ್ತ, ಹೆಚ್ಚುತ್ತ ಹೋಗುವ ಮಂಪರು, ಇವುಗಳಲ್ಲಿ ಯಾವುದು ಕಂಡರೂ ಫೈನಲ್ ಮುಗಿಯಲಿ ಎಂದು ಕಾಯುವಂತಿಲ್ಲ.

ಹೊರಗೆ ಕೂರಿಸಿದ ಮೇಲೂ ಕೆಲಸ ಮುಗಿಯುವುದಿಲ್ಲ. ನಮ್ಮ ಹುಡುಗರು ಬೆಳಗಿನ ಜಾವ ಬೈಕ್ ಹತ್ತಿ ಮಂಜಿನಲ್ಲಿ 30, 40 ಕಿ.ಮೀ. ಓಡಿಸಿಕೊಂಡು ಮನೆಗೆ ಹೋಗುತ್ತಾರೆ. ತಲೆಗೆ ಪೆಟ್ಟಾದವನು ಬೈಕ್ ಮುಟ್ಟಬಾರದು, ಒಬ್ಬನೇ ಇರಬಾರದು, ಕುಡಿಯಬಾರದು. ಮೈಕೈ ನೋವಿಗೆಂದು ಜೇಬಿನಲ್ಲಿ ಇಟ್ಟುಕೊಳ್ಳುವ ಡೈಕ್ಲೋಫೆನಾಕ್, ಐಬುಪ್ರೊಫೇನ್ ಮಾತ್ರೆಗಳು ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಮೊದಲೆರಡು ದಿನ ಬೇಡ, ತೀರ ಬೇಕಾದರೆ ಪ್ಯಾರಾಸಿಟಮಾಲ್ ಸಾಕು. ನಿದ್ದೆ ಮಾಡಲು ಬಿಡಬಾರದೆಂದು ರಾತ್ರಿಯಿಡೀ ಅಲುಗಿಸಿ ಕೂರಿಸುವ ರೂಢಿಯೂ ನಮ್ಮಲ್ಲಿದೆ. ವೈದ್ಯರು ನೋಡಿ ಅಪಾಯದ ಲಕ್ಷಣವಿಲ್ಲವೆಂದ ಮೇಲೆ ಮಲಗಬಹುದು, ಆದರೆ ಮನೆಯವರಿಗೆ ವಿಷಯ ಗೊತ್ತಿರಬೇಕು. ಇಲ್ಲೇ ಎಡವಟ್ಟಾಗುವುದು. ಅಪ್ಪನಿಗೆ ಗೊತ್ತಾದರೆ ಮುಂದಿನ ವಾರ ಬಿಡುವುದಿಲ್ಲವೆಂದು ಹುಡುಗ ಬಾಯಿ ಬಿಡುವುದಿಲ್ಲ, ತಂಡದವರೂ ಹೇಳುವುದಿಲ್ಲ.

ಶಾಲೆಗಳ ವಿಷಯ ಇದಕ್ಕಿಂತ ಸೂಕ್ಷ್ಮ. ಹೋಬಳಿ, ತಾಲ್ಲೂಕು ಮಟ್ಟದ ಕ್ರೀಡಾಕೂಟಗಳು ನಡೆಯುವುದು ಆಗಸ್ಟ್ ಸೆಪ್ಟೆಂಬರಿನಲ್ಲಿ, ಎಂದರೆ ನಮ್ಮಲ್ಲಿ ಮಳೆ ಇನ್ನೂ ಹಿಡಿದೇ ಇರುವಾಗ. ಜಾರುವ ಮೈದಾನದಲ್ಲಿ ಎಂಟನೆಯ ತರಗತಿಯ ಹುಡುಗನೂ ಹತ್ತನೆಯ ತರಗತಿಯಲ್ಲಿ ಮೀಸೆ ಬಂದವನೂ ಒಂದೇ ಪಂದ್ಯದಲ್ಲಿ ಎದುರಾಗುತ್ತಾರೆ. ಮಕ್ಕಳ ಕುತ್ತಿಗೆಯ ಸ್ನಾಯುಗಳಿಗೆ ತಲೆಯನ್ನು ಹಿಡಿದು ನಿಲ್ಲಿಸುವ ಬಲ ಕಡಿಮೆ, ಮಿದುಳು ಬೆಳೆಯುತ್ತಿರುತ್ತದೆ. ದೊಡ್ಡವರು ಎರಡು ವಾರದಲ್ಲಿ ಚೇತರಿಸಿಕೊಂಡರೆ ಮಕ್ಕಳಿಗೆ ನಾಲ್ಕು ವಾರ ಬೇಕಾಗಬಹುದು. ಆ ನಾಲ್ಕು ವಾರದಲ್ಲಿ ಓದಿದ್ದು ತಲೆಗೆ ಹತ್ತುವುದಿಲ್ಲ, ಬೋರ್ಡ್ ನೋಡಿದರೆ ತಲೆನೋವು, ಗದ್ದಲ ಸಹಿಸದು. ಪೆಟ್ಟಿನ ವಿಷಯ ಗೊತ್ತಿಲ್ಲದ ತರಗತಿಯ ಶಿಕ್ಷಕರಿಗೆ ಅದು ಸೋಮಾರಿತನವಾಗಿ ಕಾಣುತ್ತದೆ. ಎಸ್‌ಎಸ್‌ಎಲ್‌ಸಿಯ ವರ್ಷದಲ್ಲಿ ಇದು ಸಣ್ಣ ನಷ್ಟವಲ್ಲ. ಹೆಣ್ಣುಮಕ್ಕಳಲ್ಲಿ ಲಕ್ಷಣಗಳು ಹೆಚ್ಚು ದಿನ ಉಳಿಯುವುದುಂಟು, ಅವರು ಹೇಳಿಕೊಳ್ಳುವುದು ಮಾತ್ರ ಇನ್ನೂ ಕಡಿಮೆ. ಪೆಟ್ಟಾದ ಮಗುವಿನ ಕೈಯಲ್ಲಿ ಪೋಷಕರಿಗೆ ಒಂದು ಚೀಟಿ, ತರಗತಿಯ ಶಿಕ್ಷಕರಿಗೆ ಇನ್ನೊಂದು ಚೀಟಿ ಕಳುಹಿಸುವುದಕ್ಕೆ ಇಲಾಖೆಯ ಸುತ್ತೋಲೆಗೆ ಕಾಯಬೇಕಿಲ್ಲ.

ಹೆಲ್ಮೆಟ್ ಹಾಕಿಸಿದರಾಯಿತು ಎನ್ನುವ ಸಲಹೆ ಆಗಾಗ ಕೇಳಿಬರುತ್ತದೆ. ತಲೆಗವಸು ಮೂಳೆ ಬಿರುಕನ್ನೂ ಚರ್ಮ ಸೀಳುವುದನ್ನೂ ತಡೆದೀತು, ಒಳಗಿನ ಮಿದುಳು ಜಗ್ಗುವುದನ್ನು ತಡೆಯಲಾರದು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಪುರುಷರ ಬಾಕ್ಸಿಂಗ್‌ನಿಂದ ತಲೆಗವಸನ್ನೇ ತೆಗೆದುಹಾಕಿದ್ದರು. ಹಿಡಿದು ಕೆಡವುವ ಕಬಡ್ಡಿಯಲ್ಲಿ ಗಟ್ಟಿ ಹೆಲ್ಮೆಟ್ ಎದುರಾಳಿಯ ಹಲ್ಲು ಮುರಿಯಲು ಒದಗುತ್ತದೆ, ಅಷ್ಟೆ. ಇನ್ನೊಂದು ಆಕ್ಷೇಪ ತೂಕವುಳ್ಳದ್ದು: ಇಂತಹ ಕಟ್ಟಳೆ ಬಂದರೆ ಎದುರಾಳಿಯ ಒಳ್ಳೆಯ ರೇಡರ್‌ನನ್ನು ಹೊರಹಾಕಲು ಬೇಕೆಂದೇ ತಲೆಗೆ ಹೊಡೆಯುತ್ತಾರೆ ಎಂಬುದು. ಹೊಡೆಯುವವರು ಇದ್ದಾರೆ, ಒಪ್ಪುತ್ತೇನೆ. ಅದಕ್ಕೆ ಹಸಿರು, ಹಳದಿ, ಕೆಂಪು ಕಾರ್ಡ್‌ಗಳು ಆಟದಲ್ಲಿ ಆಗಲೇ ಇವೆ. ಊರಿನ ಪಂದ್ಯಗಳಲ್ಲಿ ಕೆಂಪು ಕಾರ್ಡ್ ತೀರ್ಪುಗಾರನ ಜೇಬಿನಲ್ಲೇ ಉಳಿಯುವುದಕ್ಕೆ ಕಾರಣ ನಿಯಮದ ಕೊರತೆಯಲ್ಲ. ತೀರ್ಪುಗಾರ ರಾತ್ರಿ ಅದೇ ಊರಿನ ವಾಹನದಲ್ಲಿ ಮನೆಗೆ ಮರಳಬೇಕಾಗಿರುವುದು.

ಆದ್ದರಿಂದಲೇ ತೀರ್ಮಾನವನ್ನು ಆಟಗಾರ, ನಾಯಕ, ಸಂಘಟಕ, ಸ್ಥಳೀಯ ತೀರ್ಪುಗಾರ ಇವರ ಯಾರ ಕೈಯಲ್ಲೂ ಬಿಡದೆ, ಎರಡೂ ತಂಡಕ್ಕೆ ಮತ್ತು ಬಹುಮಾನಕ್ಕೆ ಸಂಬಂಧವಿಲ್ಲದ ಒಬ್ಬರಿಗೆ ವಹಿಸಬೇಕು. ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯೋ, ತರಬೇತಿ ಪಡೆದ ದಾದಿಯೋ ಬಂದರೆ ಉತ್ತಮ. ಅವರ ಹೆಸರನ್ನು ಉದ್ಘಾಟನೆಯ ಹೊತ್ತಿಗೇ ಮೈಕಿನಲ್ಲಿ ಹೇಳಿ, ಅವರ ಮಾತೇ ಕೊನೆಯೆಂದು ಎಲ್ಲ ನಾಯಕರಿಂದ ಸಹಿ ಪಡೆಯಬೇಕು. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಸ್ಪರ್ಧೆಯಲ್ಲಿ ಏಟು ತಿಂದು ಬಿದ್ದ ಮೈಸೂರಿನ ಯುವಕ ಬದುಕುಳಿಯಲಿಲ್ಲ. ಸ್ಥಳದಲ್ಲಿ ವೈದ್ಯಕೀಯ ವ್ಯವಸ್ಥೆ ಇರಲಿಲ್ಲವೆಂದು ಮನೆಯವರು ದೂರಿದರು. ರಾಜಧಾನಿಯಲ್ಲೇ ಇಂತಹ ದೂರು ಬರುವಾಗ ಘಟ್ಟದ ಮೇಲಿನ ಗದ್ದೆಬಯಲಿನ ಮಾತು ಹೇಳಬೇಕೇ? ನಮ್ಮ ಪಂದ್ಯಾವಳಿಗಳಿಗೆ ಪೊಲೀಸ್ ಠಾಣೆಯಿಂದ ಧ್ವನಿವರ್ಧಕಕ್ಕೆ ಒಪ್ಪಿಗೆ, ಗ್ರಾಮ ಪಂಚಾಯಿತಿಯ ನಿರಾಕ್ಷೇಪಣಾ ಪತ್ರ, ಮೆಸ್ಕಾಂನಿಂದ ತಾತ್ಕಾಲಿಕ ವಿದ್ಯುತ್ ಸಂಪರ್ಕ ಹೇಗೂ ಬೇಕು. ಆ ಅನುಮತಿಯಲ್ಲೇ ಈ ಷರತ್ತುಗಳನ್ನು ಸೇರಿಸಲು ಜಿಲ್ಲಾಡಳಿತಕ್ಕೆ ಹೊಸ ಕಾನೂನು ಬೇಕಾಗದು: ತಲೆಪೆಟ್ಟಿನ ಕಟ್ಟಳೆ, ತೀರ್ಮಾನಿಸುವ ವ್ಯಕ್ತಿಯ ಹೆಸರು, ಕುಡಿಯದ ಚಾಲಕನೊಂದಿಗೆ ರಾತ್ರಿಯಿಡೀ ನಿಂತಿರುವ ಒಂದು ವಾಹನ, ಸಿಗ್ನಲ್ ಸಿಗುವ ಜಾಗದ ಗುರುತು, ಆರೋಗ್ಯ ಕೇಂದ್ರಕ್ಕೆ ಮುಂಚಿತ ಮಾಹಿತಿ. ಬಹುಮಾನದ ಮೊತ್ತದ ಎದುರು ಇದರ ಖರ್ಚು ಲೆಕ್ಕಕ್ಕೇ ಬಾರದು.

ಉಳಿಯುವ ಒಂದು ತೊಡಕು ಅತಿಥಿ ಆಟಗಾರರದು. ಶನಿವಾರ ಹೊಸನಗರದ ಕಡೆ ಒಂದು ತಂಡಕ್ಕೆ, ಭಾನುವಾರ ಸೊರಬದ ಕಡೆ ಇನ್ನೊಂದು ತಂಡಕ್ಕೆ ಸಂಭಾವನೆ ಪಡೆದು ಆಡುವ ಹುಡುಗರಿಗೆ ಒಂದು ಕಡೆ ಹೊರಗೆ ಕೂರಿಸಿದರೂ ಮರುದಿನ ಇನ್ನೊಂದು ಅಂಕಣ ತೆರೆದೇ ಇರುತ್ತದೆ. ಜಿಲ್ಲೆಯ ಸಂಘಟಕರೆಲ್ಲ ಪರಸ್ಪರ ಪರಿಚಿತರು, ಪಂದ್ಯಾವಳಿಯ ದಿನಾಂಕಗಳು ತಾಕಲಾಡದಿರಲೆಂದು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹೇಗೂ ಮಾತನಾಡಿಕೊಳ್ಳುತ್ತಾರೆ. ಯಾರನ್ನು ಯಾವ ದಿನ ತಲೆಪೆಟ್ಟಿನ ಕಾರಣಕ್ಕೆ ಹೊರಗಿಟ್ಟರೆಂಬ ಮಾಹಿತಿಯೂ ಅದೇ ದಾರಿಯಲ್ಲಿ ಹೋಗಲಿ, ಮತ್ತು ವೈದ್ಯರ ಚೀಟಿ ತೋರಿಸುವವರೆಗೆ ಆ ಹೆಸರನ್ನು ಯಾವ ತಂಡದ ಪಟ್ಟಿಯಲ್ಲೂ ಸ್ವೀಕರಿಸದಿರಲಿ. ಹುಡುಗನಿಗೆ ಆ ವಾರಾಂತ್ಯದ ಸಂಭಾವನೆ ತಪ್ಪುತ್ತದೆ ನಿಜ. ಅವನನ್ನು ಕರೆಸಿದ ತಂಡವೇ ಅದನ್ನು ಕೊಡುವಂತೆ ಸಂಘಟಕರು ಒಪ್ಪಂದಕ್ಕೆ ಬಂದರೆ ಮುಚ್ಚಿಡುವ ಕಾರಣವೇ ಅವನಿಗೆ ಉಳಿಯುವುದಿಲ್ಲ.

ಇತಿ,
ನಿವೃತ್ತ ದೈಹಿಕ ಶಿಕ್ಷಣ ಶಿಕ್ಷಕ,
ಹೊಸನಗರ ತಾಲ್ಲೂಕು, ಶಿವಮೊಗ್ಗ ಜಿಲ್ಲೆ